ಮಲೆನಾಡಿನ ಮನೆಗೆ ಬಿಸಿ-ತಂಪು ಎಸಿ: ನೀವೇ ಕೂರಿಸಲು ಸಮಗ್ರ ಮಾರ್ಗದರ್ಶಿ

"ಚಿಕ್ಕಮಗಳೂರಿಗೆ ಎಸಿ ಯಾಕ್ರೀ?" ಅನ್ನುವವರು ಇನ್ನೂ ಇದ್ದಾರೆ. ಅವರ ಮಾತಲ್ಲಿ ಅರ್ಧ ನಿಜ ಇದೆ. ಸಾವಿರ ಮೀಟರಿಗಿಂತ ಎತ್ತರದ ಊರಿದು. ಸೆಕೆ ಕಾಡುವುದು ಮಾರ್ಚ್‌ನಿಂದ ಮೇ ತನಕ, ಅದೂ ಜಾಸ್ತಿ ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ. ಆದರೆ ಮಳೆಗಾಲದಲ್ಲಿ ನಾಲ್ಕು ದಿನವಾದರೂ ಒಣಗದ ಬಟ್ಟೆ, ಬೀರುವಿನೊಳಗೆ ಬೂಷ್ಟು ಹಿಡಿಯುವ ರೇಷ್ಮೆ ಸೀರೆ, ಡಿಸೆಂಬರ್ ಬೆಳಗಿನ ಜಾವ ಮಂಡಿ ನೋವಿನಿಂದ ಏಳಲಾಗದ ಅಜ್ಜಿ, ಇವೂ ಮನೆಯ ಕಷ್ಟಗಳೇ ಅಲ್ವಾ? ಬೇಸಿಗೆಯ ತಂಪು, ಚಳಿಗಾಲದ ಬಿಸಿ, ಮಳೆಗಾಲದ ಒಣ ಗಾಳಿ ಮೂರಕ್ಕೂ ಒಂದೇ ಯಂತ್ರ ಸಾಕು. ಅದನ್ನೇ ಅಂಗಡಿಯಲ್ಲಿ 'ಹಾಟ್ ಅಂಡ್ ಕೋಲ್ಡ್' ಇನ್ವರ್ಟರ್ ಎಸಿ ಅಂತ ಕೊಡುತ್ತಾರೆ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಎಸಿ ಕೂರಿಸುವ ಕೆಲಸದಲ್ಲಿ ಮೊದಲಿನಿಂದ ಕೊನೆತನಕ ನಮ್ಮ ಎದುರಾಳಿ ತೇವ. ಗೋಡೆಯ ತೇವ, ಪೈಪಿನೊಳಗಿನ ತೇವ, ಡ್ರೈನ್ ನೀರು, ಎರಚಲು ಮಳೆ. ಬಯಲುಸೀಮೆಯಲ್ಲಿ ಹೇಗೋ ನಡೆದುಹೋಗುವ ಅವಸರದ ಕೆಲಸ ಇಲ್ಲಿ ಎರಡನೇ ಮಳೆಗಾಲಕ್ಕೇ ಕೈಕೊಡುತ್ತದೆ. ಹಾಗಾಗಿ ಕೆಲಸವನ್ನು ಕಾಫಿ ಕೊಯ್ಲು ಮುಗಿಯುವ ಹೊತ್ತಿನಿಂದ ಹೂಮಳೆ ಬೀಳುವುದರೊಳಗೆ, ಅಂದರೆ ಜನವರಿಯಿಂದ ಮಾರ್ಚ್ ಮಧ್ಯದೊಳಗೆ ಇಟ್ಟುಕೊಳ್ಳಿ. ಜುಲೈನಲ್ಲಿ ತಾಮ್ರದ ಪೈಪಿನ ಮುಚ್ಚಳ ಬಿಚ್ಚಬೇಡಿ.

ಏನನ್ನು ನೀವೇ ಮಾಡಬಹುದು, ಏನನ್ನು ಬಿಡಬೇಕು

ಜಾಗ ಗುರುತಿಸುವುದು, ಒಳಗಿನ ಯೂನಿಟ್ ನೇತುಹಾಕುವ ಪ್ಲೇಟ್ ಹೊಡೆಯುವುದು, ಗೋಡೆ ಕೊರೆಯುವುದು, ಡ್ರೈನ್, ಸ್ಟ್ಯಾಂಡ್, ಪೈಪ್ ಎಳೆಯುವುದು, ಇನ್ಸುಲೇಷನ್: ಇಷ್ಟನ್ನು ತಾಳ್ಮೆ ಇರುವ ಯಾರು ಬೇಕಾದರೂ ಮಾಡಬಹುದು. ಅವಸರದಲ್ಲಿರುವ ಮೆಕ್ಯಾನಿಕ್‌ಗಿಂತ ಚೆನ್ನಾಗಿಯೇ ಮಾಡಬಹುದು. ಫ್ಲೇರ್ (ಜೋಡಣೆಗೆ ತಾಮ್ರದ ಪೈಪಿನ ಬಾಯಿ ಅರಳಿಸುವುದು) ಮತ್ತು ವ್ಯಾಕ್ಯೂಮ್ (ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವುದು) ಕಲಿಯಬೇಕಾದ ಕೆಲಸ, ಆದರೆ ಕಲಿಯಬಹುದು. ಮೀಟರ್ ಬೋರ್ಡಿನಿಂದ ಹೊಸ ಲೈನ್ ಎಳೆಯುವ ಕೆಲಸವನ್ನು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಕೊಡಿ. ನೈಟ್ರೋಜನ್ ಸಿಲಿಂಡರ್, ಗ್ಯಾಸ್ ತುಂಬುವುದು, ಬೆಸುಗೆ, ಇವೂ ಪಳಗಿದ ಕೈಗೇ ಇರಲಿ. ನೀವು ಪಕ್ಕದಲ್ಲಿ ನಿಂತು ನೋಡಿ.

ಡಬ್ಬ ಒಡೆಯುವ ಮೊದಲು ವಾರಂಟಿ ಕಾರ್ಡ್ ಓದಿ. ಕಂಪನಿಯವರೇ ಕೂರಿಸಬೇಕು ಅನ್ನುವ ಷರತ್ತು ಕೆಲವು ಕಡೆ ಇರುತ್ತದೆ. ಹಾಗಿದ್ದರೆ ಗೋಡೆ, ಡ್ರೈನ್, ಸ್ಟ್ಯಾಂಡ್ ಎಲ್ಲ ನೀವು ಸಿದ್ಧ ಮಾಡಿಟ್ಟು, ಕೊನೆಯ ಜೋಡಣೆಯನ್ನು ಅವರಿಂದ ಮಾಡಿಸಿ. ಅವರು ಮಾಡುವ ಕೆಲಸ ಸರಿ ಇದೆಯಾ ಅಂತ ನೋಡಲಿಕ್ಕಾದರೂ ಮುಂದಿನದು ಉಪಯೋಗಕ್ಕೆ ಬರುತ್ತದೆ.

ಮೊದಲು ಕೋಣೆ, ಆಮೇಲೆ ಯಂತ್ರ

ಹೆಂಚಿನ ಮನೆಯಲ್ಲಿ ಅಟ್ಟವಿಲ್ಲದ ಕೋಣೆಗೆ ಎಸಿ ಹಾಕಿದರೆ ದುಡ್ಡು ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಮೊದಲು ಮರದ್ದೋ ಜಿಪ್ಸಮ್‌ದೋ ಸೀಲಿಂಗ್ ಆಗಬೇಕು. ಕಿಟಕಿ ಬಾಗಿಲ ಸಂದಿಗೆ ಫೋಮ್ ಪಟ್ಟಿ ಅಂಟಿಸಿ. ಗೋಡೆಗೆ ನೀರು ಇಳಿಯುತ್ತಿದ್ದರೆ ಅದನ್ನು ರಿಪೇರಿ ಮಾಡಿಸಿ. ಒದ್ದೆ ಗೋಡೆಯನ್ನು ಯಾವ ಎಸಿಯೂ ಒಣಗಿಸಿ ಮುಗಿಸಲಾರದು.

ಇಲ್ಲೊಂದು ಎಚ್ಚರಿಕೆ. ಹೀಗೆ ಸಂದಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ, ಕೆಂಡದ ಬಾಂಡಲಿ ಇಡಲೇಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಗ್ಯಾಸ್ ಗೀಸರ್ ಇರುವ ಬಚ್ಚಲಿಗೂ ಇದೇ ಮಾತು. ಅಲ್ಲಿನ ಗಾಳಿಕಿಂಡಿ ಮುಚ್ಚಬೇಡಿ.

ಈಗ ಅಳತೆ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು, ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ 120ರಿಂದ 150 ಚದರ ಅಡಿ ಕೋಣೆಗೆ ಒಂದು ಟನ್ ಸಾಕು. ಮೇಲೆ ಬರೀ ತಾರಸಿ ಇದ್ದು ಪಶ್ಚಿಮದ ಬಿಸಿಲು ಗೋಡೆಗೆ ಹೊಡೆಯುತ್ತಿದ್ದರೆ, ಅಥವಾ ನಿಮ್ಮ ಮನೆ ಕಡೂರು, ಅರಸೀಕೆರೆ ಕಡೆಯ ಬಿಸಿಲಲ್ಲಿದ್ದರೆ ಒಂದೂವರೆ ಟನ್ ಯೋಚಿಸಬಹುದು. "ಇರಲಿ, ದೊಡ್ಡದೇ ತಗೊಳ್ಳಿ" ಅನ್ನುವ ಮಾತಿಗೆ ಬೀಳಬೇಡಿ. ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ. ಗಾಳಿಯ ತೇವ ಹಿಂಡಲು ಅದಕ್ಕೆ ಹೊತ್ತೇ ಸಿಗುವುದಿಲ್ಲ. ಕೋಣೆ ತಣ್ಣಗಿರುತ್ತದೆ, ಹಾಸಿಗೆ ಮಾತ್ರ ಜಿಗುಟು.

ಬಿಸಿ ಕೊಡುವಾಗ ಈ ಯಂತ್ರ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ತರುತ್ತದೆ. ಹೊರಗೆ 12 ಡಿಗ್ರಿ ಚಳಿ ಇದ್ದರೂ ಆ ಗಾಳಿಯಲ್ಲಿ ಶಾಖ ಇದ್ದೇ ಇರುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಕೆಂಪಗೆ ಕಾಯುವ ರೂಂ ಹೀಟರ್ ಒಂದಕ್ಕೆ ಒಂದೇ ಕೊಡುವುದು. ನಮ್ಮಲ್ಲಿ ಹಿಮ ಕಟ್ಟುವ ಚಳಿ ಇಲ್ಲದ ಕಾರಣ ಹೀಗೆ ಶಾಖ ಎಳೆದು ತರುವ ಹೀಟ್ ಪಂಪ್‌ಗೆ ಇದು ಹೇಳಿ ಮಾಡಿಸಿದ ಊರು.

ಕರೆಂಟಿನ ಲೆಕ್ಕ

ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ, ಹಾಸನ ಜಿಲ್ಲೆ ಸೆಸ್ಕ್‌ಗೆ ಸೇರಿದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ಹಳೆ ಮನೆಗಳಲ್ಲಿ ಅದು ತುಂಬ ಕಡಿಮೆ ಇರುತ್ತದೆ. ಹೆಚ್ಚುವರಿ ಲೋಡ್‌ಗೆ ಮೊದಲೇ ಅರ್ಜಿ ಹಾಕಿ. ಗೃಹಜ್ಯೋತಿಯಲ್ಲಿ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಒಂದು ಟನ್ ಇನ್ವರ್ಟರ್ ಎಸಿ ರಾತ್ರಿ ಆರು ಗಂಟೆ ಓಡಿದರೆ ಮೂರು ಮೂರೂವರೆ ಯೂನಿಟ್ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ನೂರರ ಹತ್ತಿರ ಹೋಗುತ್ತದೆ.

ಎಸಿಗೆ ಅದರದ್ದೇ ಲೈನ್ ಬೇಕು. ಒಂದು ಟನ್‌ಗೆ 16 ಆಂಪಿಯರ್, ಒಂದೂವರೆಗೆ 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), 4 ಚದರ ಮಿಲಿಮೀಟರ್ ತಾಮ್ರದ ವೈರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್). ಜೊತೆಗೆ ಸರಿಯಾದ ಅರ್ಥಿಂಗ್. ಎಷ್ಟೋ ಹಳೆ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಅದರ ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಅಳೆದು ತೋರಿಸಲು ಹೇಳಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಏಪ್ರಿಲ್-ಮೇ ಗುಡುಗು ಸಿಡಿಲಿನ ಕಾಲ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಪಂಪ್‌ಸೆಟ್ ಓಡುವ ಹೊತ್ತಲ್ಲಿ ವೋಲ್ಟೇಜ್ ಬೀಳುವ ಹಳ್ಳಿಯಾದರೆ ಸ್ಟೆಬಿಲೈಜರ್ ಕೂಡ ಬೇಕು. ಮನೆಯ ಯುಪಿಎಸ್ ಲೈನಿಗೆ ಮಾತ್ರ ಎಸಿ ಕೊಡಬೇಡಿ.

ಸಾಮಾನು

ಹ್ಯಾಮರ್ ಡ್ರಿಲ್, 65 ಮಿಲಿಮೀಟರ್ ಕೋರ್ ಬಿಟ್, ರಸಮಟ್ಟ, ಪೈಪ್ ಕಟರ್, ಪೈಪ್ ಬಾಯಿ ಕೆರೆಯುವ ರೀಮರ್, ಫ್ಲೇರಿಂಗ್ ಟೂಲ್, ಎರಡು ಸ್ಪ್ಯಾನರ್, ಟಾರ್ಕ್ ವ್ರೆಂಚ್, ಅಲೆನ್ ಕೀ, ಕ್ಲ್ಯಾಂಪ್ ಮೀಟರ್. ಇವುಗಳ ಜೊತೆ ಆರ್-32ಗೆ (ಎಸಿಯೊಳಗಿನ ಗ್ಯಾಸ್) ಹೊಂದುವ ಗೇಜ್, ಎರಡು ಹಂತದ ವ್ಯಾಕ್ಯೂಮ್ ಪಂಪ್, ತೀರಾ ಕಡಿಮೆ ಒತ್ತಡ ಅಳೆಯುವ ಮೈಕ್ರಾನ್ ಗೇಜ್. ಕೊನೆಯ ಮೂರನ್ನು ಕೊಳ್ಳುವ ಅಗತ್ಯ ಇಲ್ಲ. ಪರಿಚಯದ ಮೆಕ್ಯಾನಿಕ್ ಹತ್ತಿರ ಒಂದು ದಿನಕ್ಕೆ ಬಾಡಿಗೆಗೆ ಕೇಳಿ.

ಒಳಗಿನ ಯೂನಿಟ್ ಮತ್ತು ಗೋಡೆ

ಆದಷ್ಟು ಹೊರಗೋಡೆಯ ಮೇಲೇ ಜಾಗ ನೋಡಿ. ಪೈಪ್ ಗಿಡ್ಡ ಆದಷ್ಟೂ ತೊಂದರೆ ಕಡಿಮೆ. ನೆಲದಿಂದ ಏಳರಿಂದ ಏಳೂವರೆ ಅಡಿ ಎತ್ತರ, ಮೇಲೆ ಕನಿಷ್ಠ 15 ಸೆಂಟಿಮೀಟರ್ ಖಾಲಿ. ತೀರಾ ಮೇಲೆ ಹಾಕಿದರೆ ಚಳಿಗಾಲದಲ್ಲಿ ಬಿಸಿ ಗಾಳಿ ಸೀಲಿಂಗಿನಲ್ಲೇ ನಿಲ್ಲುತ್ತದೆ, ಹಾಸಿಗೆ ತನಕ ಇಳಿಯುವುದಿಲ್ಲ.

ಪ್ಲೇಟನ್ನು ರಸಮಟ್ಟ ಇಟ್ಟು ಹೊಡೆಯಿರಿ. ಇಟ್ಟಿಗೆ ಗೋಡೆಗೆ ಪ್ಲಗ್ ಮತ್ತು ಸ್ಕ್ರೂ ಸಾಕು. ಸಿಮೆಂಟ್ ಬ್ಲಾಕ್ ಟೊಳ್ಳಾಗಿದ್ದರೆ ಅದಕ್ಕೆಂದೇ ಬರುವ ಪ್ಲಗ್ ಬೇಕು. ಜಂಬಿಟ್ಟಿಗೆ, ಮಣ್ಣಿನ ಗೋಡೆಗಳಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಅಲ್ಲಿ ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಆರಪಾರ ಬೋಲ್ಟ್ ಹಾಕಿ, ಮಧ್ಯೆ ಮರದ ಹಲಗೆ ಕೂರಿಸಿ, ಅದರ ಮೇಲೆ ಪ್ಲೇಟ್ ಹೊಡೆಯಬೇಕು.

ತೂತು ಕೊರೆಯುವ ಮೊದಲು ಗೋಡೆಯೊಳಗೆ ವೈರ್, ನೀರಿನ ಪೈಪ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ತೂತು ಹೊರಗಡೆಗೆ ಒಂದು ಸೆಂಟಿಮೀಟರ್‌ನಷ್ಟು ಇಳಿಜಾರಾಗಿರಲಿ. ಇದು ಸಣ್ಣ ಮಾತಲ್ಲ. ಮಟ್ಟವಾಗಿ ಕೊರೆದ ತೂತಿನಲ್ಲಿ ಮಳೆನೀರು ಒಳಗೆ ಬರುತ್ತದೆ, ಎಸಿ ನೀರು ಹೊರಗೆ ಹೋಗುವುದಿಲ್ಲ.

ಡ್ರೈನ್ ಪೈಪ್ ಎಲ್ಲಾ ಕಡೆ ಕೆಳಮುಖವಾಗಿಯೇ ಹೋಗಬೇಕು. ಮಧ್ಯೆ ಎಲ್ಲೂ ಹೊಟ್ಟೆ ಬಿಡಬಾರದು, ಅದರ ತುದಿ ಬಕೆಟ್ ನೀರಲ್ಲಿ ಮುಳುಗಬಾರದು. ಪೈಪ್ ಕಟ್ಟಿನಲ್ಲಿ ಡ್ರೈನ್ ಯಾವಾಗಲೂ ಕೆಳಗಿರಲಿ. ಗೋಡೆಯೊಳಗಿನ ಭಾಗಕ್ಕೆ ಇನ್ಸುಲೇಷನ್ ಸುತ್ತಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಅದೇ ಬೆವರಿ ಗೋಡೆಗೆ ಕಲೆ ಮಾಡುತ್ತದೆ. ಯೂನಿಟ್ ನೇತುಹಾಕಿದ ಮೇಲೆ ಫಿಲ್ಟರ್ ತೆಗೆದು, ಒಳಗಿನ ತಟ್ಟೆಗೆ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿಯಿರಿ. ಹೊರಗೆ ಸರಾಗವಾಗಿ ಬಂತಾ? ಮುಂದೆ ಹೋಗಿ. ಇಲ್ಲವಾ? ಈಗಲೇ ಸರಿಮಾಡಿ.

ಹೊರಗಿನ ಯೂನಿಟ್

ಮುಂಗಾರು ಗಾಳಿ ನಮಗೆ ನೈಋತ್ಯದಿಂದ, ಪಶ್ಚಿಮದಿಂದ ಹೊಡೆಯುತ್ತದೆ. ಸಾಧ್ಯವಾದರೆ ಯೂನಿಟ್ಟನ್ನು ಮನೆಯ ಪೂರ್ವಕ್ಕೋ ಉತ್ತರಕ್ಕೋ ಇಡಿ. ಮಳೆ ಬಿದ್ದರೆ ಅದಕ್ಕೇನೂ ಆಗುವುದಿಲ್ಲ, ಮಳೆಗೆಂದೇ ಮಾಡಿದ ಪೆಟ್ಟಿಗೆ ಅದು. ಆದರೆ ಸೂರಿನ ನೀರು ನೇರ ಅದರ ನೆತ್ತಿಗೆ ಬೀಳಬಾರದು, ಅಂಗಳದ ಕೆಸರು ಸಿಡಿಯಬಾರದು. ನೆಲದ ಮೇಲಿಡುವುದಾದರೆ ಒಂದಡಿ ಎತ್ತರದ ಕಟ್ಟೆ ಕಟ್ಟಿಸಿ. ಹಿಂದೆ 15 ಸೆಂಟಿಮೀಟರ್, ಮುಂದೆ ಕನಿಷ್ಠ ಎರಡಡಿ ಖಾಲಿ ಬಿಡಿ. ಬಿಸಿ ಮೋಡ್‌ನಲ್ಲಿ ಈ ಪೆಟ್ಟಿಗೆಯಿಂದಲೂ ನೀರು ಇಳಿಯುತ್ತದೆ. ಕೆಳಗೆ ಪಕ್ಕದವರ ಅಂಗಳ ಇದ್ದರೆ ಡ್ರೈನ್ ಮೂತಿ ಹಾಕಿ ಪೈಪ್ ಕೊಡಿ.

ಭಾರ 25ರಿಂದ 35 ಕಿಲೋ. ಇಬ್ಬರು ಬೇಕೇ ಬೇಕು. ಏಣಿಯ ಮೇಲೆ ಒಬ್ಬರೇ ಹೊತ್ತು ಏರುವ ಸಾಹಸ ಬೇಡ. ಗೋಡೆಗೆ ಬ್ರ್ಯಾಕೆಟ್ ಹಾಕುವುದಾದರೆ ಆಂಕರ್ ಬೋಲ್ಟ್, ಅಡಿಗೆ ರಬ್ಬರ್ ಬುಷ್ ಹಾಕಿ. ಸಾಗಿಸುವಾಗ ನೇರವಾಗಿಯೇ ಇಡಿ.

ತಾಮ್ರದ ಪೈಪ್, ಫ್ಲೇರ್

ಒಂದು ಟನ್‌ಗೆ ಸಾಮಾನ್ಯವಾಗಿ ಕಾಲಿಂಚು ಮತ್ತು 3/8 ಇಂಚು, ಒಂದೂವರೆ ಟನ್‌ಗೆ ಕಾಲಿಂಚು ಮತ್ತು ಅರ್ಧ ಇಂಚಿನ ಪೈಪ್ ಬರುತ್ತದೆ. ಡಬ್ಬದಲ್ಲಿ ಬರುವ ಕಿಟ್ ಹೆಚ್ಚಾಗಿ 3 ಮೀಟರ್. ಅದಕ್ಕಿಂತ ಉದ್ದ ಬೇಕಾದರೆ ಎಷ್ಟು ಮೀಟರ್ ತನಕ ಗ್ಯಾಸ್ ಸೇರಿಸಬೇಕಿಲ್ಲ ಅಂತ ಸ್ಟಿಕ್ಕರ್‌ನಲ್ಲಿ ಓದಿ. ಪೈಪ್ ಬಗ್ಗಿಸುವಾಗ ಸ್ಪ್ರಿಂಗ್ ಹಾಕಿ ನಿಧಾನವಾಗಿ ಬಗ್ಗಿಸಿ. ನುಲಿದು ಮಡಿಚಿದ ಪೈಪನ್ನು ಮತ್ತೆ ನೇರ ಮಾಡಿ ಹಾಕಬೇಡಿ, ಆ ತುಂಡನ್ನು ಕತ್ತರಿಸಿ ಬಿಸಾಕಿ.

ಈಗ ಫ್ಲೇರ್. ಗ್ಯಾಸ್ ಸೋರಿಕೆಯಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ಕಟರನ್ನು ಪೈಪಿನ ಸುತ್ತ ತಿರುಗಿಸುತ್ತಾ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಅವಸರ ಮಾಡಿದರೆ ಬಾಯಿ ಚಪ್ಪಟೆಯಾಗುತ್ತದೆ. ಕತ್ತರಿಸಿದ ಬಾಯಿಯ ಒಳಗೆ ಚೂಪಾದ ಅಂಚು ಉಳಿದಿರುತ್ತದೆ. ಪೈಪಿನ ಬಾಯಿಯನ್ನು ಕೆಳಗೆ ಮಾಡಿ ಹಿಡಿದು ರೀಮರ್‌ನಿಂದ ಕೆರೆಯಿರಿ, ಆಗ ತಾಮ್ರದ ಚೂರು ನೆಲಕ್ಕೆ ಬೀಳುತ್ತದೆ. ಬಾಯಿ ಮೇಲಿದ್ದರೆ ಆ ಚೂರು ಪೈಪಿನೊಳಗೆ ಹೋಗಿ ಒಂದು ದಿನ ಕಂಪ್ರೆಸರ್ ತಲುಪುತ್ತದೆ. ಆಮೇಲೆ ನಟ್ ಹಾಕಿ. ನಟ್ ಹಾಕಿದ ಮೇಲೇ ಫ್ಲೇರ್ ಮಾಡಬೇಕು, ಅರಳಿಸಿದ ಮೇಲೆ ನಟ್ ಹೋಗುವುದಿಲ್ಲ. ಅರಳಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಒಂದೇ ಅಗಲ ಇರಬೇಕು, ಬಿರುಕು ಗೀರು ಇರಬಾರದು, ಕನ್ನಡಿ ಹಾಗೆ ನುಣುಪಾಗಿರಬೇಕು. ಸಂಶಯ ಬಂದರೆ ಕತ್ತರಿಸಿ ಇನ್ನೊಂದು ಮಾಡಿ. ತಾಮ್ರದ ಎರಡಿಂಚು ಹೋದರೆ ಹೋಗಲಿ.

ಜೋಡಿಸುವಾಗ ಮೊದಲು ಕೈಯಲ್ಲೇ ನಟ್ ತಿರುಗಿಸಿ. ಸರಾಗವಾಗಿ ಹೋಗದಿದ್ದರೆ ಎಳೆ ಓರೆ ಹತ್ತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಕೊನೆಗೆ ಒಂದು ಸ್ಪ್ಯಾನರ್‌ನಲ್ಲಿ ಹಿಡಿದು ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿ. ಕಾಲಿಂಚಿಗೆ 14ರಿಂದ 18 ನ್ಯೂಟನ್ ಮೀಟರ್, 3/8ಕ್ಕೆ 33ರಿಂದ 42, ಅರ್ಧ ಇಂಚಿಗೆ 50ರಿಂದ 62. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಶಕ್ತಿ ಇದೆ ಅಂತ ಜಾಸ್ತಿ ಬಿಗಿದರೂ ಫ್ಲೇರ್ ಸೀಳುತ್ತದೆ.

ಎರಡೂ ಪೈಪಿಗೆ ಬೇರೆ ಬೇರೆ ನೈಟ್ರೈಲ್ ರಬ್ಬರ್ ಇನ್ಸುಲೇಷನ್ ಬೇಕು. ನಮ್ಮ ತೇವಕ್ಕೆ 13 ಮಿಲಿಮೀಟರ್ ದಪ್ಪದ್ದು ತಗೊಳ್ಳಿ. ಬಿಳಿ ಫೋಮ್ ಬೇಡ. ಬಿಸಿ ಮೋಡ್‌ನಲ್ಲಿ ದೊಡ್ಡ ಪೈಪ್ ಸುಡುವಷ್ಟು ಕಾಯುತ್ತದೆ, ಆ ಫೋಮ್ ಕುಗ್ಗಿಬಿಡುತ್ತದೆ. ಹೊರಗಿನ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಾಗೆ ಸುತ್ತಿದರೆ ಪ್ರತಿ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತು ನೀರು ಜಾರಿಹೋಗುತ್ತದೆ. ಫ್ಲೇರ್ ಇರುವ ಜಾಗವನ್ನು ಪರೀಕ್ಷೆ ಮುಗಿಯುವ ತನಕ ಮುಚ್ಚಬೇಡಿ.

ಒಳಗಿನ, ಹೊರಗಿನ ಯೂನಿಟ್ಟುಗಳ ನಡುವಿನ ವೈರ್‌ಗಳನ್ನು ಟರ್ಮಿನಲ್ ಅಂಕೆ ನೋಡಿ ಜೋಡಿಸಿ. 1ಕ್ಕೆ 1, 2ಕ್ಕೆ 2. ಎಂಸಿಬಿ ಆಫ್ ಇರಲಿ. ಒಮ್ಮೆ ಕರೆಂಟ್ ಕೊಟ್ಟ ಯಂತ್ರವನ್ನು ಮತ್ತೆ ಬಿಚ್ಚಬೇಕಾದರೆ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಇನ್ವರ್ಟರ್ ಬೋರ್ಡಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವ ವೋಲ್ಟೇಜ್ ಉಳಿದಿರುತ್ತದೆ.

ಸೋರಿಕೆ ಪರೀಕ್ಷೆ, ವ್ಯಾಕ್ಯೂಮ್

ಹೊರಗಿನ ಯೂನಿಟ್ಟಿನ ವಾಲ್ವ್‌ಗಳು ಇನ್ನೂ ಮುಚ್ಚಿಯೇ ಇರಬೇಕು. ಪಳಗಿದವರ ಕೈಯಲ್ಲಿ ಪೈಪಿಗೆ ಒಣ ನೈಟ್ರೋಜನ್ ತುಂಬಿಸಿ, ಪುಸ್ತಕದಲ್ಲಿ ಹೇಳಿದ ಒತ್ತಡಕ್ಕೆ ತಂದು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಬಿಚ್ಚಿ ಮತ್ತೆ ಫ್ಲೇರ್. ಸಿಲಿಂಡರ್‌ಗೆ ರೆಗ್ಯುಲೇಟರ್ ಇಲ್ಲದೆ ಈ ಕೆಲಸ ಮಾಡಬಾರದು. ನೈಟ್ರೋಜನ್ ಬದಲು ಆಕ್ಸಿಜನ್ ಯಾವತ್ತೂ ಬಳಸಬೇಡಿ, ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ.

ಆಮೇಲೆ ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಪಂಪ್ ಹಾಕಿ. ಕೆಲವರು ಪಂಪ್ ಬದಲು ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನ ಗಾಳಿಯನ್ನು ಹೊರಗೆ ತಳ್ಳುತ್ತಾರೆ. ಎರಡು ನಿಮಿಷದ ಕೆಲಸ. ಅದನ್ನು ಒಪ್ಪಬೇಡಿ. ಗಾಳಿ ಹೋದರೂ ಪೈಪಿನ ಗೋಡೆಗೆ ಅಂಟಿದ ತೇವ ಹೋಗುವುದಿಲ್ಲ. ಅದು ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಆಸಿಡ್ ಆಗಿ, ಒಳಗಿನ ತಂತಿಯ ಲೇಪನವನ್ನೇ ತಿನ್ನುತ್ತದೆ. ಪಂಪ್ ಒತ್ತಡವನ್ನು ಇಳಿಸಿದಾಗ ಆ ನೀರು ಕೋಣೆಯ ಉಷ್ಣಾಂಶದಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಬೆಳಗಿನ ಚಳಿಯಲ್ಲಿ ಇದಕ್ಕೆ ಜಾಸ್ತಿ ಹೊತ್ತು ಬೇಕು. ಮಧ್ಯಾಹ್ನದ ಬಿಸಿಲಲ್ಲಿ ಮಾಡಿ.

ನಮ್ಮ ಎತ್ತರದ ಊರುಗಳಲ್ಲಿ ಒಂದು ವಿಶೇಷ ಇದೆ. ಪುಸ್ತಕದಲ್ಲಿ ಗೇಜ್ ಮುಳ್ಳು ಸೊನ್ನೆಗಿಂತ ಕೆಳಗೆ 30 ಇಂಚಿಗೆ (ಪಾದರಸದ ಇಂಚು, ಒತ್ತಡದ ಅಳತೆ) ಹೋಗಬೇಕು ಅಂತ ಬರೆದಿರುತ್ತದೆ. ಆ ಲೆಕ್ಕ ಸಮುದ್ರಮಟ್ಟಕ್ಕೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಹಾಸನ, ಚಿಕ್ಕಮಗಳೂರಲ್ಲಿ ಮುಳ್ಳು 26-27 ಇಂಚಿನ ಹತ್ತಿರ ನಿಂತುಬಿಡುತ್ತದೆ. ಸೋರಿಕೆ ಅಂತ ಗಾಬರಿಯಾಗಿ ಒಳ್ಳೆಯ ಫ್ಲೇರ್ ಬಿಚ್ಚಬೇಡಿ. ಮೈಕ್ರಾನ್ ಗೇಜ್ ಬೇಕು ಅಂದಿದ್ದು ಇದಕ್ಕೇ. ಅದು ಎತ್ತರದ ಗೊಡವೆ ಇಲ್ಲದೆ ಪೈಪಿನೊಳಗಿನ ನಿಜವಾದ ಒತ್ತಡ ತೋರಿಸುತ್ತದೆ. 500 ಮೈಕ್ರಾನ್‌ಗಿಂತ ಕೆಳಗೆ ಇಳಿಯಬೇಕು. ಇಳಿದ ಮೇಲೆ ಪಂಪ್ ಕಡೆಯ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಕಾಲು ಗಂಟೆ ನೋಡಿ. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ತೇವ ಇನ್ನೂ ಉಳಿದಿದೆ, ಪಂಪ್ ಮತ್ತೆ ಓಡಲಿ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಹೆಚ್ಚುಕಡಿಮೆ ಇದ್ದಲ್ಲೇ ಇದ್ದರೆ ಕೆಲಸ ಗೆದ್ದಿತು.

ಗ್ಯಾಸ್ ಬಿಡುವುದು, ಓಡಿಸಿ ನೋಡುವುದು

ಕಿಟಕಿಗಳನ್ನೆಲ್ಲ ತೆರೆದಿಡಿ. ಅಲೆನ್ ಕೀಯಿಂದ ಸಣ್ಣ ಪೈಪಿನ ವಾಲ್ವ್ ಮೊದಲು, ಆಮೇಲೆ ದೊಡ್ಡದು, ಎರಡನ್ನೂ ಪೂರ್ತಿ ತೆರೆಯಿರಿ. ಮತ್ತೊಮ್ಮೆ ಸೋಪಿನ ನೀರು ಹಚ್ಚಿ. ಆರ್-32 ಗ್ಯಾಸ್‌ಗೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ, ಗಾಳಿಗಿಂತ ಭಾರ, ಉರಿದರೆ ವಿಷದ ಹೊಗೆ. ಹೊಸ ಯಂತ್ರಕ್ಕೆ ಕುಂಕುಮ ಇಟ್ಟು ಊದುಬತ್ತಿ ಬೆಳಗುವುದು ನಮ್ಮ ರೂಢಿ. ಸೋಪಿನ ಪರೀಕ್ಷೆ ಮುಗಿದು ಕೋಣೆಗೆ ಗಾಳಿ ಆಡುವ ತನಕ ಕಾಯಿರಿ, ಪೂಜೆ ಆಮೇಲೆ ಮಾಡೋಣ.

ಕೂಲ್ ಮೋಡ್‌ನಲ್ಲಿ 16ಕ್ಕೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ. ಒಳಗೆ ಹೋಗುವ ಗಾಳಿಗಿಂತ ಹೊರಬರುವ ಗಾಳಿ ಎಂಟರಿಂದ ಹನ್ನೆರಡು ಡಿಗ್ರಿ ತಣ್ಣಗಿರಬೇಕು. ಕ್ಲ್ಯಾಂಪ್ ಮೀಟರ್ ಹಾಕಿ ಆಂಪಿಯರ್ ನೋಡಿ, ಸ್ಟಿಕ್ಕರ್‌ನಲ್ಲಿ ಬರೆದ ಗರಿಷ್ಠ ದಾಟಬಾರದು. ಮೂರು ನಿಮಿಷ ನಿಲ್ಲಿಸಿ ಹೀಟ್ ಮೋಡ್‌ಗೆ ಹಾಕಿ. ಮೊದಲ ಕೆಲವು ನಿಮಿಷ ಒಳಗಿನ ಫ್ಯಾನ್ ತಿರುಗದು. ಕೆಟ್ಟಿಲ್ಲ, ಕಾಯಿಲ್ ಕಾಯುವ ತನಕ ತಣ್ಣನೆ ಗಾಳಿ ಬೀಸದಿರಲಿ ಅಂತ ಹಾಗೆ ಮಾಡಿದ್ದಾರೆ. ಹೊರಗಡೆ 'ಟಕ್' ಅಂದು 'ಸುಯ್' ಅಂದರೆ ಗ್ಯಾಸಿನ ದಾರಿ ತಿರುಗಿಸುವ ವಾಲ್ವ್ ಕೆಲಸ ಮಾಡಿತು ಅಂತ ಲೆಕ್ಕ.

ಎಲ್ಲ ಸರಿ ಇದ್ದರೆ ಫ್ಲೇರ್‌ಗೆ ಇನ್ಸುಲೇಷನ್ ಮುಚ್ಚಿ. ಗೋಡೆಯ ತೂತಿನಲ್ಲಿ ಬರೀ ಫೋಮ್ ತುಂಬಿದರೆ ಇಲಿ ಕೊರೆದು ಒಳಗೆ ಬರುತ್ತದೆ. ಮೊದಲು ಕಬ್ಬಿಣದ ಜಾಲರಿ, ಆಮೇಲೆ ಪುಟ್ಟಿ.

ಮಳೆಗಾಲದಲ್ಲಿ ಬಳಸುವುದು

ಹೊರಗೆ 25-26 ಡಿಗ್ರಿ ಇದ್ದು ಗಾಳಿ ಜಿಗುಟಾಗಿದ್ದಾಗ ಡ್ರೈ ಮೋಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜುಲೈಯಲ್ಲಿ ಮೂಡಿಗೆರೆ, ಶೃಂಗೇರಿ ಕಡೆ ಕೋಣೆಯೇ 20 ಡಿಗ್ರಿಗೆ ಇಳಿದಿರುತ್ತದೆ. ಆಗ ಡ್ರೈ ಹಾಕಿದರೆ ನಡುಕ ಹುಟ್ಟುತ್ತದೆ. ಅಂಥ ದಿನ ಹೀಟ್ ಮೋಡ್ ಒಳ್ಳೆಯದು. 20 ಡಿಗ್ರಿಯಲ್ಲಿ 90 ಶೇಕಡಾ ತೇವ ಇರುವ ಗಾಳಿಯನ್ನು 25ಕ್ಕೆ ಕಾಯಿಸಿದರೆ ತೇವದ ಪ್ರಮಾಣ ಸುಮಾರು 66ಕ್ಕೆ ಇಳಿಯುತ್ತದೆ. ಗಾಳಿಯ ನೀರು ಎಲ್ಲೂ ಹೋಗಿರುವುದಿಲ್ಲ, ಆದರೆ ಬಟ್ಟೆ ಒಣಗುತ್ತದೆ, ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಹೊದಿಕೆ ಬೆಚ್ಚಗಿರುತ್ತದೆ. ಬಟ್ಟೆ ಒಣಗಿಸುವ ದಿನ ಮಧ್ಯೆ ಮಧ್ಯೆ ಹತ್ತು ನಿಮಿಷ ಕಿಟಕಿ ತೆರೆದು ಆ ಒದ್ದೆ ಗಾಳಿಯನ್ನು ಹೊರಗೆ ಬಿಡಿ.

ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೊರಗಿನ ಯೂನಿಟ್ಟಿಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ. ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ, ಇರುವೆ ಹಲ್ಲಿಗೆ ಬೆಚ್ಚನೆ ಮನೆಯಾಗುತ್ತದೆ, ಅವು ಬೋರ್ಡಿನ ಮೇಲೆ ಓಡಾಡಿ ಶಾರ್ಟ್ ಮಾಡುತ್ತವೆ. ಸಿಡಿಲಿನ ಸಂಜೆ ಎಂಸಿಬಿ ಆಫ್ ಮಾಡಿ. ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ ಒಂದು ಬಿಸಿಲ ದಿನ ನೋಡಿ ಎಂಸಿಬಿ ಆಫ್ ಮಾಡಿ, ಹೊರಗಿನ ಯೂನಿಟ್ಟಿನ ಹಿಂದಿನ ರೆಕ್ಕೆಗಳ ಮೇಲೆ ಮೆಲ್ಲಗೆ ಪೈಪ್ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ಪಂಪ್ ಬೇಡ, ರೆಕ್ಕೆ ಮಡಿಚಿಹೋಗುತ್ತವೆ. ಪೂರ್ತಿ ಒಣಗಿದ ಮೇಲೆ, ಚಳಿ ಶುರುವಾಗುವ ಮೊದಲು, ಹೀಟ್ ಮೋಡನ್ನು ಹತ್ತು ನಿಮಿಷ ಓಡಿಸಿ ನೋಡಿಕೊಳ್ಳಿ.